ಕನ್ನಕ್ಕೆ ವಿಮೆ ಇದೆ, ಕಳವಿಗೆ ಇಲ್ಲ

ನಿನ್ನೆ ಸಂಜೆ ಗೆಳೆಯರೊಬ್ಬರ ಮನೆಯಲ್ಲಿ ಕುಳಿತು, ಅವರ ವಿಮಾ ಕಂಪನಿಯಿಂದ ಬಂದಿದ್ದ ಒಂದೂವರೆ ಪುಟದ ಪತ್ರವನ್ನು ಎರಡು ಸಲ ಓದಿದೆ. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಕಳೆದ ತಿಂಗಳು ಮೈಸೂರಿನ ಅವರ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ 1,85,000 ರೂಪಾಯಿ ಬೆಲೆಯ ಅವರ ಕಾರ್ಬನ್ ಸೈಕಲ್ ಕಳವಾಯಿತು. ಕಂಬಕ್ಕೆ ಸೇರಿಸಿ ಬೀಗ ಹಾಕಿದ್ದರು. ಬೆಳಗಿನ ಐದು ಗಂಟೆಗೆ ಚಾಮುಂಡಿ ಬೆಟ್ಟಕ್ಕೆ ಹೊರಡಲೆಂದು ಕೆಳಗಿಳಿದಾಗ ತುಂಡಾದ ಬೀಗ ಮಾತ್ರ ನೆಲದ ಮೇಲಿತ್ತು. ಅದೇ ದಿನ ಠಾಣೆಯಲ್ಲಿ ಎಫ್‌ಐಆರ್ ಆಯಿತು, ಅದೇ ದಿನ ಕಂಪನಿಗೆ ಇಮೇಲ್ ಹೋಯಿತು. ಕೊಂಡ ಬಿಲ್ಲು, ಚೌಕಟ್ಟಿನ ಸಂಖ್ಯೆಯ ಫೋಟೊ, ಸಿಸಿಟಿವಿ ದೃಶ್ಯ ಎಲ್ಲವನ್ನೂ ಕೊಟ್ಟರು. ಕಂಪನಿಯ ಉತ್ತರದ ಸಾರ ಇಷ್ಟು: ನೆಲಮಾಳಿಗೆಗೆ ಬಾಗಿಲಿಲ್ಲ, ಆದ್ದರಿಂದ ಯಾರೂ ಬಾಗಿಲು ಒಡೆದು ಒಳಗೆ ಬಂದಿಲ್ಲ, ಆದ್ದರಿಂದ ಇದು ಪಾಲಿಸಿ ಹೇಳುವ 'ಬರ್ಗ್ಲರಿ' ಅಲ್ಲ, ಪರಿಹಾರವೂ ಇಲ್ಲ.

ನಮ್ಮ ಭಾಷೆಯಲ್ಲಿ ಬರ್ಗ್ಲರಿಗೂ ಬರಿಯ ಕಳ್ಳತನಕ್ಕೂ ಬೇರೆ ಬೇರೆ ಪದಗಳಿವೆ. ಗೋಡೆ ಕೊರೆದೋ ಬಾಗಿಲು ಮುರಿದೋ ಒಳನುಗ್ಗಿ ಕದ್ದರೆ ಅದು ಕನ್ನ. ಇಟ್ಟ ಜಾಗದಿಂದ ಎತ್ತಿಕೊಂಡು ಹೋದರೆ ಅದು ಕಳವು. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಕಳವನ್ನು ವಿವರಿಸುವಾಗ ಬಾಗಿಲು ಒಡೆಯಲೇಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ವಸ್ತುವನ್ನು ಸಾಗಿಸಿದರೆ ಸಾಕು. ಪೊಲೀಸರು ಕಳವೆಂದು ಬರೆದುಕೊಂಡದ್ದನ್ನು ವಿಮಾ ಕಂಪನಿ ಕಳವಲ್ಲವೆಂದು ಹೇಳಿಲ್ಲ. ನಾವು ನಿಮಗೆ ಮಾರಿದ್ದು ಕನ್ನದ ವಿಮೆ ಎಂದಷ್ಟೇ ಹೇಳಿದೆ. ಆದರೆ ಪಾಲಿಸಿ ಮಾರುವ ದಿನ ಫೋನಿನಲ್ಲಿ ಬಳಸಿದ ಪದ 'ಕಳ್ಳತನ' ಎಂಬುದಾಗಿತ್ತು. ನನ್ನ ಸಿಟ್ಟೆಲ್ಲ ಇರುವುದು ಈ ಒಂದು ಪದದ ಅಂತರದಲ್ಲಿ.

ನಾನು ಎಂಟು ವರ್ಷಗಳಿಂದ ಸೈಕಲ್ ತುಳಿಯುತ್ತಿರುವುದು ನಿಮಗೆಲ್ಲ ಗೊತ್ತು. ನಮ್ಮ ಸೈಕಲ್‌ಗಳು ಎಲ್ಲಿರುತ್ತವೆ? ನೆಲಮಾಳಿಗೆಯಲ್ಲಿ, ಮೆಟ್ಟಿಲ ಕೆಳಗೆ, ಕಚೇರಿಯ ಪಾರ್ಕಿಂಗ್‌ನಲ್ಲಿ. ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣದ ಕಡೆಗೋ ನಂಜನಗೂಡಿನ ಕಡೆಗೋ ಹೋದಾಗ ಹೋಟೆಲಿನ ಗೋಡೆಗೆ ಒರಗಿರುತ್ತವೆ. ಇವುಗಳಿಗೆ ಸ್ಟ್ಯಾಂಡ್ ಇರುವುದಿಲ್ಲ, ಭಾರವಾಗುತ್ತದೆಂದು ಗಟ್ಟಿ ಬೀಗವನ್ನು ಯಾರೂ ಹೊತ್ತು ತರುವುದಿಲ್ಲ, ನಾವು ಒಳಗೆ ಇಡ್ಲಿ ತಿನ್ನುತ್ತ ಕಿಟಕಿಯಿಂದ ಒಂದು ಕಣ್ಣಿಟ್ಟಿರುತ್ತೇವೆ. ಇವುಗಳಲ್ಲಿ ಬಾಗಿಲು ಒಡೆದು ಕದಿಯಬೇಕಾದ ಜಾಗ ಯಾವುದು? ಹೋಟೆಲಿನ ಮುಂದೆ ಕಳೆದುಹೋದರೆ 'ಗಮನಿಸದೆ ಬಿಟ್ಟಿದ್ದ ವಸ್ತು' ಎಂಬ, ಪರಿಹಾರ ತಪ್ಪಿಸುವ ಇನ್ನೊಂದು ಷರತ್ತು ಸಿದ್ಧವಾಗಿರುತ್ತದೆ. ಸೈಕಲ್ ನಿಜವಾಗಿ ಕಳವಾಗುವ ಜಾಗಗಳನ್ನೆಲ್ಲ ಬಿಟ್ಟು, ಅದನ್ನು ಮಲಗುವ ಕೋಣೆಯಲ್ಲಿ ಬೀಗ ಹಾಕಿ ಇಟ್ಟಾಗ ಮಾತ್ರ ಕಾಯುವ ವಿಮೆಯನ್ನು ಸೈಕಲ್ ವಿಮೆ ಎಂದು ಕರೆಯುವುದೇ ತಪ್ಪು.

ಹೋಲಿಕೆಗೆ ನಿಮ್ಮ ಸ್ಕೂಟರಿನ ಪಾಲಿಸಿಯನ್ನು ತೆಗೆದು ನೋಡಿ. ಸ್ವಂತ ವಾಹನದ ಹಾನಿಯನ್ನೂ ಒಳಗೊಂಡ ಪಾಲಿಸಿಯಾಗಿದ್ದರೆ ಅದರಲ್ಲಿ 'ಬರ್ಗ್ಲರಿ, ಹೌಸ್‌ಬ್ರೇಕಿಂಗ್ ಆರ್ ಥೆಫ್ಟ್' ಎಂದು ಮೂರು ಪದಗಳು ಒಟ್ಟಿಗೆ ಇರುತ್ತವೆ. ರಸ್ತೆಯ ಬದಿಯಲ್ಲಿ ನಿಲ್ಲಿಸಿದ ಸ್ಕೂಟರ್ ಕಳವಾದರೂ ಪರಿಹಾರ ಸಿಗುವುದು ಕಳವು ಎಂಬರ್ಥದ ಆ ಮೂರನೆಯ ಪದದಿಂದ. ಗೆಳೆಯರ ಪಾಲಿಸಿಯಲ್ಲಿ ಮೊದಲ ಎರಡು ಪದಗಳಿವೆ, ಮೂರನೆಯದು ಇಲ್ಲ. ನಿನ್ನೆ ಅದನ್ನು ಹುಡುಕಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು.

'ನಮಗೆ ಮನೆಯ ವಿಮೆ ಇದೆ, ಸಾಕು' ಎನ್ನುವವರು ಇನ್ನೂ ಎಚ್ಚರವಾಗಿರಬೇಕು. ಗೃಹಸಾಲದ ಜೊತೆ ಅನೇಕರು ತೆಗೆದುಕೊಂಡಿರುವ ಭಾರತ್ ಗೃಹ ರಕ್ಷಾ ಎಂಬ ಪಾಲಿಸಿ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬೆಂಕಿ, ಪ್ರವಾಹ, ಭೂಕಂಪದಂಥ ಅವಘಡಗಳಿಗೆ ಅದು ನಿಜಕ್ಕೂ ಒಳ್ಳೆಯದು. ಆದರೆ ಅಲ್ಲಿ ಕಳವಿಗೆ ರಕ್ಷಣೆ ಇರುವುದು ಅಂಥ ಅವಘಡವೊಂದು ನಡೆದು, ಅದರ ಕಾರಣದಿಂದಲೇ ಏಳು ದಿನಗಳೊಳಗೆ ಕಳವಾದರೆ ಮಾತ್ರ. ಮನೆಗೆ ಬೆಂಕಿ ಬಿದ್ದು ಬಾಗಿಲು ಸುಟ್ಟುಹೋದ ವಾರದಲ್ಲಿ ಸೈಕಲ್ ಕದ್ದರೆ ಪರಿಹಾರವಿದೆ. ಸಾಮಾನ್ಯ ಸೋಮವಾರದ ರಾತ್ರಿ ಕದ್ದರೆ ಇಲ್ಲ.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಿಕೊಳ್ಳಬೇಕು. ನನ್ನ ಸೈಕಲ್‌ನ ಬೆಲೆ 2,40,000 ರೂಪಾಯಿ. ಮೊದಲ ಸಲ ವಿಮೆ ಮಾಡಿಸುವಾಗ ಪ್ರೀಮಿಯಂ ಕಡಿಮೆಯಾಗಲೆಂದು, ಸೈಕಲ್‌ಗೆ ಇಷ್ಟು ಖರ್ಚು ಮಾಡಿದ್ದೇನೆಂದು ಮನೆಯಲ್ಲಿ ಹೇಳಲು ಹಿಂಜರಿಕೆಯೂ ಇದ್ದುದರಿಂದ, 1,20,000 ಎಂದು ಬರೆಸಿದೆ. ಎರಡನೆಯ ವರ್ಷ ಹುಣಸೂರು ರಸ್ತೆಯಲ್ಲಿ ನಾಯಿ ಅಡ್ಡ ಬಂದು ಬಿದ್ದೆ. ಹಿಂದಿನ ಚಕ್ರ ಮತ್ತು ಗೇರಿನ ಭಾಗಗಳ ರಿಪೇರಿಗೆ 48,000 ರೂಪಾಯಿ ಆಯಿತು. ವಿಮಾ ಮೊತ್ತ ಲಕ್ಷ ದಾಟಿದೆ, 48,000 ಬಂದೇ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಅದರ ಅರ್ಧಕ್ಕಿಂತಲೂ ಕಡಿಮೆ. ವಸ್ತುವಿನ ಅರ್ಧ ಬೆಲೆಗೆ ಮಾತ್ರ ವಿಮೆ ಮಾಡಿಸಿದ್ದರೆ ಪ್ರತಿಯೊಂದು ನಷ್ಟದಲ್ಲಿಯೂ ಅರ್ಧವನ್ನು ನಾವೇ ಹೊರಬೇಕೆಂಬ 'ಆವರೇಜ್' ನಿಯಮ ಅದರಲ್ಲಿತ್ತು. ಉಳಿದ 24,000ದಲ್ಲಿ, ಬಳಕೆಯಿಂದ ಬೆಲೆ ಇಳಿದ ಸವಕಳಿಯನ್ನೂ ಕ್ಲೇಮಿನಲ್ಲಿ ನಾವೇ ಭರಿಸಬೇಕಾದ ಮೊದಲ ಪಾಲನ್ನೂ ಕಳೆದರು. ಆ ಕಂಪನಿಯನ್ನು ನಾನು ದೂರುವುದಿಲ್ಲ. ಸುಳ್ಳು ಬೆಲೆ ಬರೆಸಿದವನು ನಾನು. ಆ ನೋವಿನ ನಂತರವೇ ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಲು ಕಲಿತೆ.

ಬೆಲೆಯ ವಿಷಯದಲ್ಲಿ ಕೇಳಬೇಕಾದ ಇನ್ನೊಂದು ಮಾತಿದೆ. ಪೂರ್ತಿ ಕಳೆದುಹೋದರೆ ಕೊಡುವುದು ಮೊದಲೇ ಒಪ್ಪಿಕೊಂಡ ಬೆಲೆಯೋ, ಅಥವಾ ಸವಕಳಿ ಕಳೆದ ಅಂದಿನ ಬೆಲೆಯೋ? ತುಳಿತದ ಶಕ್ತಿ ಅಳೆಯುವ ಪವರ್ ಮೀಟರ್, ದೀಪ, ಸೈಕಲ್ ಕಂಪ್ಯೂಟರ್, ಆಮೇಲೆ ಹಾಕಿಸಿದ ಕಾರ್ಬನ್ ಚಕ್ರಗಳು ಪಟ್ಟಿಯಲ್ಲಿ ಸೇರಿವೆಯೋ? ಸೇರದಿದ್ದರೆ ಅವು ಇಲ್ಲವೆಂದೇ ಲೆಕ್ಕ.

ನಮ್ಮಂತೆ ಬಿಆರ್‌ಎಂ ಎಂಬ ದೂರದ ಸೈಕಲ್ ಸವಾರಿಗೆ ಹೋಗುವವರು ಇನ್ನೂ ಒಂದನ್ನು ನೋಡಬೇಕು. 200 ಕಿಲೋಮೀಟರನ್ನು 13 ಗಂಟೆ 30 ನಿಮಿಷದಲ್ಲಿ, 600 ಕಿಲೋಮೀಟರನ್ನು 40 ಗಂಟೆಯಲ್ಲಿ ಮುಗಿಸಬೇಕಾದ ಸವಾರಿ ಇದು. ಇದರಲ್ಲಿ ಮೊದಲ ಸ್ಥಾನವಿಲ್ಲ, ಬಹುಮಾನವಿಲ್ಲ, ಇದು ಸ್ಪರ್ಧೆಯೇ ಅಲ್ಲ ಎಂಬುದು ನಮಗೆ ಗೊತ್ತು. ಆದರೆ 'ಸ್ಪರ್ಧೆ ಅಥವಾ ಕಾಲಮಿತಿಯ ಸವಾರಿ'ಗೆ ಪರಿಹಾರವಿಲ್ಲ ಎಂದು ಬರೆದ ಪಾಲಿಸಿಗೆ ಆ 13 ಗಂಟೆ 30 ನಿಮಿಷವೇ ಸಾಕಾಗುತ್ತದೆ. ಬಿಆರ್‌ಎಂಗೆ ರಕ್ಷಣೆ ಇದೆಯೋ ಇಲ್ಲವೋ ಎಂದು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಇಮೇಲ್‌ನಲ್ಲಿಯೇ ಪಡೆಯಿರಿ. ಫೋನಿನಲ್ಲಿ ಹೇಳಿದ 'ಎಲ್ಲಾ ಕವರ್ ಆಗುತ್ತದೆ ಸರ್' ಎಂಬ ಮಾತಿಗೆ ಕ್ಲೇಮಿನ ದಿನ ಸಾಕ್ಷಿ ಇರುವುದಿಲ್ಲ. ನನ್ನ ಗೆಳೆಯರ ಬಳಿಯೂ ಇಲ್ಲ.

ವಿಮೆಯೇ ಬೇಡ, ಪ್ರೀಮಿಯಂ ಹಣವನ್ನು ಬ್ಯಾಂಕಿನಲ್ಲಿ ಇಡುತ್ತೇನೆ ಎನ್ನುವವರಿದ್ದಾರೆ. ಹತ್ತು ವರ್ಷ ಕಳ್ಳ ಬಾರದಿದ್ದರೆ ಅವರ ಲೆಕ್ಕ ಸರಿ. ಮೂರನೆಯ ತಿಂಗಳಲ್ಲಿ ಬಂದರೆ ಬ್ಯಾಂಕಿನಲ್ಲಿ ಇರುವುದು ಅಲ್ಪಸ್ವಲ್ಪ ಹಣ. ಜೊತೆಗೆ, ನಾವು ಇಳಿಜಾರಿನಲ್ಲಿ ಪಾದಚಾರಿಯೊಬ್ಬರಿಗೆ ಗುದ್ದಿ ಅವರ ಕಾಲು ಮುರಿದರೆ ಆ ಖರ್ಚಿನ ಹೊಣೆ ನಮ್ಮ ಮೇಲೆಯೇ ಬರುತ್ತದೆ. ಮೋಟಾರು ವಾಹನಕ್ಕಿರುವ ಕಡ್ಡಾಯ ಮೂರನೇ ವ್ಯಕ್ತಿಯ ವಿಮೆ ಸೈಕಲ್‌ಗೆ ಇಲ್ಲ. ನೋಂದಣಿ ಸಂಖ್ಯೆಯಿಲ್ಲದ ವಸ್ತುವಿನಲ್ಲಿ ಸುಳ್ಳು ಕ್ಲೇಮುಗಳು ಹೆಚ್ಚೆಂದು ಕಂಪನಿಗಳ ಪರವಾಗಿಯೂ ವಾದಿಸಬಹುದು. ಒಳ್ಳೆಯ ಸೈಕಲ್‌ಗಳಿಗೆ ಪೆಡಲ್ ಅಚ್ಚಿನ ಕೆಳಭಾಗದಲ್ಲಿ ಚೌಕಟ್ಟಿನ ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಂಡೇ ಪಾಲಿಸಿ ಕೊಟ್ಟ ಮೇಲೆ ಈ ವಾದವನ್ನು ನಾನು ಒಪ್ಪಲಾರೆ. ಅನುಮಾನವಿದ್ದರೆ ಪ್ರೀಮಿಯಂ ಪಡೆಯುವ ಮುನ್ನ ಇರಬೇಕಿತ್ತು.

ಗೆಳೆಯರು ಕೈಬಿಡುವ ಮನಸ್ಸಿನಲ್ಲಿದ್ದರು, ನಾನು ಬಿಡಲಿಲ್ಲ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡುತ್ತೇವೆ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, ವಿಮಾ ದೂರುಗಳನ್ನು ತೀರ್ಮಾನಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇವೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಅಲ್ಲಿನ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕು. ತುಂಡಾದ ಬೀಗವನ್ನು ಅವರು ಎಸೆಯದೆ ಇಟ್ಟುಕೊಂಡಿರುವುದು ಒಳ್ಳೆಯದಾಯಿತು. ಬಲಪ್ರಯೋಗ ಆಗಿಲ್ಲ ಎಂಬ ಮಾತಿಗೆ ಅದೇ ನಮ್ಮ ಉತ್ತರ.

ಭಾನುವಾರ ಸವಾರಿ ಬಿಟ್ಟು ದೂರಿನ ಕರಡು ಬರೆಯಲು ಕೂರುತ್ತಿದ್ದೇವೆ. ನಿಮ್ಮಲ್ಲಿ ಯಾರಿಗಾದರೂ ನೆಲಮಾಳಿಗೆಯಿಂದ ಕಳವಾದ ಸೈಕಲ್‌ಗೆ ಪರಿಹಾರ ಸಿಕ್ಕಿದ್ದರೆ, ನಿಮ್ಮ ಪಾಲಿಸಿಯಲ್ಲಿ ಕಳವಿನ ಬಗ್ಗೆ ಇರುವ ವಾಕ್ಯವನ್ನು ಇದ್ದಂತೆಯೇ ನನಗೆ ಕಳುಹಿಸಿ.