ತಜ್ಞರ ಹೆಸರು ಆಮೇಲೆ, ಅವರಿಗೆ ಕೇಳಿದ ಪ್ರಶ್ನೆ ಮೊದಲು ನೋಡ್ರಿ

ಸರ್ಕಾರ ಒಂದು ತಜ್ಞರ ಸಮಿತಿ ಮಾಡಿತು ಅಂದ ಕೂಡಲೇ ನಮ್ಮ ಮಂದಿ ಹೆಸರು ಹುಡುಕುತ್ತಾರೆ. ಐಐಟಿಯವರು ಇದ್ದಾರಾ? ಕೃಷಿ ವಿಶ್ವವಿದ್ಯಾಲಯದಿಂದ ಯಾರು? ಹುಬ್ಬಳ್ಳಿ-ಧಾರವಾಡದಲ್ಲಿ ಇದು ಸಹಜ. ಕೃಷಿ ವಿವಿ, ಐಐಟಿ, ಐಐಐಟಿ, ನೀರು ಮತ್ತು ಭೂಮಿ ನಿರ್ವಹಣೆಯ ಸಂಸ್ಥೆ ವಾಲ್ಮಿ, ಹಳೆಯ ಎಂಜಿನಿಯರಿಂಗ್ ಕಾಲೇಜುಗಳು ಎಲ್ಲಾ ಇಲ್ಲೇ ಹತ್ತಿರದಲ್ಲಿವೆ. ಆದರೆ ವರದಿ ಏನು ಹೇಳುತ್ತದೆ ಅನ್ನುವುದು ಬಹಳ ಸಲ ಹೆಸರಿನಿಂದ ತೀರ್ಮಾನ ಆಗುವುದಿಲ್ಲ. ಸಮಿತಿ ರಚಿಸಿದ ಆದೇಶದಲ್ಲಿ 'ಕಾರ್ಯವ್ಯಾಪ್ತಿ' ಅಂತ ನಾಲ್ಕೈದು ಸಾಲು ಇರುತ್ತವೆ. ಅಲ್ಲೇ ಅರ್ಧ ಉತ್ತರ ಬರೆದಾಗಿರುತ್ತದೆ.

ನಮ್ಮೂರ ಕಡೆಯ ಯಾವುದೇ ಕೆರೆ ತಗೊಳ್ಳಿ, ಮೇಲೆಲ್ಲಾ ಅಂತರಗಂಗೆ ಹಬ್ಬಿದೆ. ತಜ್ಞರಿಗೆ "ಅಂತರಗಂಗೆ ತೆಗೆಯಲು ಯಾವ ಯಂತ್ರ ಸೂಕ್ತ?" ಅಂತ ಕೇಳಿದರೆ ಅವರು ಯಂತ್ರದ ಹೆಸರನ್ನೇ ಕೊಡುತ್ತಾರೆ, ಸರಿಯಾಗಿಯೇ ಕೊಡುತ್ತಾರೆ. ಆದರೆ ಆ ಕಳೆ ಬೆಳೆಯುವುದು ಕೊಳಚೆಯ ಜೊತೆ ಬರುವ ಸಾರಜನಕ, ರಂಜಕದಿಂದ. ನೀರು ಬೆಚ್ಚಗಿದ್ದು ಪೋಷಕಾಂಶ ಸಿಕ್ಕರೆ ಎರಡು ವಾರದೊಳಗೆ ಇಮ್ಮಡಿ ಆಗಬಲ್ಲದು. ಯಂತ್ರ ತೆಗೆದಷ್ಟೂ ಮತ್ತೆ ತುಂಬಿಕೊಳ್ಳುತ್ತದೆ. "ಯಾವ ನಾಲಾದಿಂದ ದಿನಕ್ಕೆ ಎಷ್ಟು ಲಕ್ಷ ಲೀಟರ್ ಕೊಳಚೆ ಬರುತ್ತಿದೆ?" ಅಂತ ಕೇಳಿದ್ದರೆ ಅದೇ ತಜ್ಞರು ಒಳಚರಂಡಿ ಜೋಡಣೆಯ ಮಾತು ಎತ್ತುತ್ತಿದ್ದರು. ಮೊದಲನೇ ಪ್ರಶ್ನೆಗೆ ಒಂದು ಟೆಂಡರ್ ಸಾಕು, ಎರಡನೆಯದಕ್ಕೆ ಮೂರು ಇಲಾಖೆ ಕೂಡಿ ಕೂರಬೇಕು. ಹಾಗಾಗಿಯೇ ಮೊದಲನೆಯದನ್ನು ಕೇಳುವುದು ಹೆಚ್ಚು.

ಸಲಹೆಗಾರ ಸಂಸ್ಥೆಯನ್ನು ಆರಿಸುವ ಲೆಕ್ಕವೂ ತಿಳಿದಿರಬೇಕು. ತಾಂತ್ರಿಕ ಅಂಕ, ದರದ ಅಂಕ ಎರಡನ್ನೂ ಕೂಡಿಸುವ ಪದ್ಧತಿ ಇದೆ, ಕ್ಯೂಸಿಬಿಎಸ್ ಅನ್ನುತ್ತಾರೆ. 'ಎ' ಸಂಸ್ಥೆಗೆ ತಾಂತ್ರಿಕ ಅಂಕ 90, ದರ 1 ಕೋಟಿ. 'ಬಿ'ಗೆ 75, ದರ 60 ಲಕ್ಷ. ಕಡಿಮೆ ದರದವರಿಗೆ 100 ಅಂಕ, ಉಳಿದವರಿಗೆ ಆ ಅನುಪಾತದಲ್ಲಿ. ಅಂದರೆ 'ಎ'ಗೆ ದರದಲ್ಲಿ 60. ತಾಂತ್ರಿಕಕ್ಕೆ 70, ದರಕ್ಕೆ 30 ತೂಕ (70:30) ಇದ್ದರೆ 'ಎ'ಗೆ 63+18=81, 'ಬಿ'ಗೆ 52.5+30=82.5. 'ಬಿ' ಗೆದ್ದಿತು. ತೂಕ 80:20 ಮಾಡಿದರೆ 'ಎ'ಗೆ 84, 'ಬಿ'ಗೆ 80. ಸಂಸ್ಥೆಗಳು ಅವೇ, ಜಾಣತನವೂ ಅಷ್ಟೇ. ಬದಲಾದದ್ದು ಟೆಂಡರ್ ದಾಖಲೆಯ ಒಂದು ಸಾಲು. ಮಣ್ಣು, ನೀರು, ರೋಗದಂಥ ವಿಷಯಕ್ಕೆ 70:30 ಇಟ್ಟರೆ ಅಗ್ಗದ ವರದಿಗೆ ಬಾಗಿಲು ತೆರೆದಂತೆ ಅಂತ ನನ್ನ ಖಚಿತ ಅಭಿಪ್ರಾಯ. ಇನ್ನು ಡಿಪಿಆರ್ (ವಿವರವಾದ ಯೋಜನಾ ವರದಿ) ಮಾಡುವವರ ಶುಲ್ಕವನ್ನು ಯೋಜನಾ ವೆಚ್ಚದ ಶೇಕಡಾವಾರು ಇಟ್ಟರೆ, ಕಡಿಮೆ ಖರ್ಚಿನ ಪರಿಹಾರ ಹೇಳಿದವರಿಗೇ ನಷ್ಟ.

ಡಿಪಿಆರ್‌ನಲ್ಲಿ ನಾನು ಮೊದಲು ತೆರೆಯುವ ಪುಟ ಮಣ್ಣಿನ ಪರೀಕ್ಷೆಯದು. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಮೊರಂ. ಹುಬ್ಬಳ್ಳಿ ದಾಟಿ ನವಲಗುಂದ, ನರಗುಂದ, ಗದಗದ ಕಡೆ ಹೋದರೆ ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿ. ಎರಿ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತೆ ಗಟ್ಟಿ, ಮಳೆಗೆ ಉಬ್ಬಿ ಮೆತ್ತಗೆ. ರಸ್ತೆಯ ದಪ್ಪ ಲೆಕ್ಕ ಹಾಕಲು ಮಣ್ಣಿನ ಭಾರ ಹೊರುವ ಶಕ್ತಿ ಅಳೆಯುವ ಸಿಬಿಆರ್ ಪರೀಕ್ಷೆಯಲ್ಲಿ ಮಾದರಿಯನ್ನು ಸಾಮಾನ್ಯವಾಗಿ ನಾಲ್ಕು ದಿನ ನೀರಲ್ಲಿ ನೆನೆಸಬೇಕು. ನೆನೆಸಿದ ಎರಿ ಮಣ್ಣು ಅನೇಕ ಕಡೆ ಶೇ. 2ರಿಂದ 4ರೊಳಗೇ ನಿಲ್ಲುತ್ತದೆ. ನೆನೆಸದೆ ತೆಗೆದ ಅಂಕಿ ಚೆನ್ನಾಗಿ ಕಾಣುತ್ತದೆ, ರಸ್ತೆ ತೆಳ್ಳಗಾಗುತ್ತದೆ, ಮೊದಲ ಮಳೆಗಾಲದಲ್ಲೇ ಅಲೆ ಏಳುತ್ತದೆ. ವರದಿಯಲ್ಲಿ 'ಸೋಕ್ಡ್' ಅನ್ನುವ ಪದ, ಎಷ್ಟು ಕಿಲೋಮೀಟರಿಗೆ ಒಂದು ಗುಂಡಿ ತೋಡಿ ಮಾದರಿ ತಗೊಂಡರು, ಯಾವ ತಿಂಗಳಲ್ಲಿ, ಇವು ಇವೆಯೋ ನೋಡ್ರಿ. ಇಲ್ಲದಿದ್ದರೆ ಅದು ಬೇರೆ ತಾಲ್ಲೂಕಿನ ವರದಿಯ ನಕಲೂ ಆಗಿರಬಹುದು.

ಥರ್ಡ್ ಪಾರ್ಟಿ ತಪಾಸಣೆ ಅಂತ ಕಾಲೇಜಿಗೆ ಕಳಿಸುವ ಕಾಂಕ್ರೀಟ್ ಘನಗಳ ಕತೆಯೂ ಇದೇ. 150 ಮಿ.ಮೀ. ಘನ, ಮೂರು ಘನಕ್ಕೆ ಒಂದು ಮಾದರಿ, 28 ದಿನಕ್ಕೆ ಒಡೆದು ನೋಡುವುದು. ಪ್ರಾಧ್ಯಾಪಕರು ಪ್ರಾಮಾಣಿಕವಾಗಿಯೇ ಒಡೆಯುತ್ತಾರೆ. ಆದರೆ ಘನ ತಂದವರು ಯಾರು? ಗುತ್ತಿಗೆದಾರರೇ ಬೇರೆ ಮಿಶ್ರಣದಲ್ಲಿ ಎರಕ ಹೊಯ್ದು ತಂದರೆ ಪರೀಕ್ಷೆ ನಡೆದದ್ದು ಆ ಘನದ ಮೇಲೆ, ಹಾಕಿದ ಕಾಂಕ್ರೀಟಿನ ಮೇಲಲ್ಲ. ಫಲಿತಾಂಶ ಒದಗಿಸಿದ ಮಾದರಿಗೆ ಮಾತ್ರ ಅನ್ವಯ ಅಂತ ಪ್ರಮಾಣಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಪತ್ರಿಕಾ ಹೇಳಿಕೆಗೆ ಬರುವಾಗ ಆ ಸಾಲು ಇರುವುದಿಲ್ಲ. ಸಂಶಯ ಬಂದರೆ ಹಾಕಿದ ಕಾಂಕ್ರೀಟಿನಿಂದಲೇ ಕೋರ್ (ಉರುಳೆಯಾಕಾರದ ತುಂಡು) ಕೊರೆಸಬೇಕು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕೋರ್‌ಗಳ ಸರಾಸರಿ, ನಿಗದಿತ ಬಲದ ಶೇ. 85ಕ್ಕಿಂತ ಕಡಿಮೆ ಇರಬಾರದು, ಯಾವ ಒಂದು ಕೋರ್ ಕೂಡ ಶೇ. 75ಕ್ಕಿಂತ ಇಳಿಯಬಾರದು. ಎಲ್ಲಿ ಕೊರೆಯಬೇಕು ಅನ್ನುವುದನ್ನು ತಜ್ಞರೇ ಆರಿಸಬೇಕು, ಗುತ್ತಿಗೆದಾರರು ತೋರಿಸಿದ ಜಾಗವಲ್ಲ.

ದೊಡ್ಡ ಸಮಿತಿಗಳಲ್ಲೂ ಹೀಗೇ. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಇಡೀ ಘಟ್ಟವನ್ನೇ ಸೂಕ್ಷ್ಮ ಅಂತ ನೋಡಿ ಮೂರು ವಲಯ ಮಾಡಿತು. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ಬಳಸಿ ಜನವಸತಿ, ತೋಟ, ಹೊಲಗಳನ್ನು ಬೇರೆ ತೆಗೆದು, ಸೂಕ್ಷ್ಮ ಪ್ರದೇಶವನ್ನು ಘಟ್ಟದ ಸುಮಾರು ಶೇ. 37ಕ್ಕೆ ನಿಲ್ಲಿಸಿತು. ಎರಡೂ ಕಡೆ ವಿಜ್ಞಾನ ಬಲ್ಲವರೇ. ಬೇರೆ ಇದ್ದದ್ದು ಅವರಿಗೆ ಒಪ್ಪಿಸಿದ ಕೆಲಸ, ಅವರು ಹಿಡಿದ ಅಳತೆ. ಗಾಡ್ಗೀಳ್ ವರದಿಯನ್ನು ಸಚಿವಾಲಯ ತಿಂಗಳುಗಟ್ಟಲೆ ಹೊರಗೆ ಬಿಡಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹೋಗಿ, ಕೇಂದ್ರ ಮಾಹಿತಿ ಆಯೋಗ ಆದೇಶಿಸಿ, ದೆಹಲಿ ಹೈಕೋರ್ಟೂ ಎತ್ತಿಹಿಡಿದ ಮೇಲೆ 2012ರ ಮೇ ತಿಂಗಳಲ್ಲಿ ಅದು ಜನರ ಕೈಗೆ ಬಂತು.

ಆದ್ದರಿಂದ ಅರ್ಜಿ ಹಾಕುವವರಿಗೆ ಒಂದು ಮಾತು. ಆರ್‌ಟಿಐ ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಕಚೇರಿ ತನ್ನ ಸಮಿತಿಗಳ ಪಟ್ಟಿ, ಅವುಗಳ ಸಭೆ ಸಾರ್ವಜನಿಕರಿಗೆ ತೆರೆದಿದೆಯೋ ಇಲ್ಲವೋ, ನಡಾವಳಿ ಸಿಗುತ್ತದೋ ಇಲ್ಲವೋ ಅನ್ನುವುದನ್ನು ತಾನಾಗಿಯೇ ಪ್ರಕಟಿಸಬೇಕು. ಪ್ರಕಟಿಸಿಲ್ಲ ಅಂದರೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. "ಸಮಿತಿಯ ಬಗ್ಗೆ ಎಲ್ಲಾ ಮಾಹಿತಿ ಕೊಡಿ" ಅಂತ ಬರೆದರೆ ತಿರುಗಿ ಬರುತ್ತದೆ. ಆದೇಶದ ಸಂಖ್ಯೆ, ದಿನಾಂಕ ಹಾಕಿ ನಾಲ್ಕೇ ಕೇಳಿ: ರಚನಾ ಆದೇಶ ಮತ್ತು ಕಾರ್ಯವ್ಯಾಪ್ತಿಯ ಪ್ರತಿ, ಸಭೆಗಳ ನಡಾವಳಿ, ಸದಸ್ಯರು ಬರೆದುಕೊಟ್ಟ ಭಿನ್ನಾಭಿಪ್ರಾಯ, ಸದಸ್ಯರು ತಮ್ಮ ಹಿತಾಸಕ್ತಿಯ ಬಗ್ಗೆ ಸಲ್ಲಿಸಿದ ಘೋಷಣೆ. ಕೊನೆಯದು ಕಡತದಲ್ಲಿ ಇಲ್ಲ ಅಂತ ಉತ್ತರ ಬಂದರೆ ಆ ಹಾಳೆಯನ್ನು ಬಿಸಾಡಬೇಡಿ, ವರದಿ ಹೊರಗೆ ಬಂದ ದಿನ ಅದೂ ಬೇಕಾಗುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೊದಲ ಮೇಲ್ಮನವಿ ಹಾಕಿ.