ಬೂದಿಹಾಳದ ಬೂದಿಯಲ್ಲಿ ಅಣುಬಾಂಬು ಹುಡುಕುವವರಿಗೆ

ಕಳೆದ ತಿಂಗಳು ಸುರಪುರದಲ್ಲಿರುವ ನಮ್ಮ ಅಕ್ಕನ ಮಗ ವಾಟ್ಸಾಪಿನಲ್ಲಿ ಒಂದು ವಿಡಿಯೊ ಕಳಿಸಿದ್ದ. ಹನ್ನೆರಡು ಸಾವಿರ ವರ್ಷಗಳ ಹಿಂದೆ ಇಡೀ ಭೂಮಿಗೆ ಪ್ರಳಯವೊಂದು ಎರಗಿತೆಂದೂ, ಅದಕ್ಕೂ ಮುಂಚೆ ನಮ್ಮನ್ನು ಮೀರಿಸಿದ ನಾಗರಿಕತೆಯೊಂದು ಬಾಳಿ ಅಳಿಯಿತೆಂದೂ, ಬ್ರಹ್ಮಾಸ್ತ್ರವೆಂದರೆ ಅಣ್ವಸ್ತ್ರವೇ ಎಂದೂ ಹೇಳುತ್ತ ಹೋಗುವ ಆ ವಿಡಿಯೊ, ಕೊನೆಗೆ ದಕ್ಷಿಣ ಭಾರತದ ಬೂದಿ ದಿಬ್ಬಗಳಿಗೆ ಬಂದು, ಕರಗಿ ಗಾಜಿನಂತಾದ ಗಟ್ಟಿಗಳನ್ನು ತೋರಿಸಿ, ಇಷ್ಟು ಶಾಖ ಎಲ್ಲಿಂದ ಬಂತು ಎಂದು ಕೇಳಿ ನಿಲ್ಲುತ್ತದೆ. ಅದರ ಕೆಳಗೆ ಹುಡುಗನ ಪ್ರಶ್ನೆಯಿತ್ತು: “ಮಾಮಾ, ನಮ್ಮ ಬೂದಿಹಾಳದಾಗೂ ಇಂಥಾದ್ದೇ ಅದಲ್ರಿ? ಸಗಣಿ ಸುಟ್ರ ಹಿಂಗ ಕರಗ್ತದೇನ್ರಿ?”

ಬೂದಿಹಾಳ ಸುರಪುರದ ಕಡೆಯ ಊರು, ಅಲ್ಲೂ ಇಂಥ ಬೂದಿ ದಿಬ್ಬವಿದೆ. ಪ್ರಶ್ನೆ ಒಳ್ಳೆಯದೇ. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವಂಥದ್ದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಭೂಮಿಯ ಮೇಲೆ ಮಹಾದುರಂತಗಳೇ ನಡೆದಿಲ್ಲವೆಂದು ವಾದಿಸುವವನು ನಾನಲ್ಲ. ಬೀದರಿನ ಕೆಂಪು ಜಂಬಿಟ್ಟಿಗೆಯ ಅಡಿಯಲ್ಲಿರುವ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲದ ಆಸುಪಾಸಿನಲ್ಲಿ, ನೆಲ ಬಿರಿದು ಹರಿದ ಲಾವಾ. ಮನುಷ್ಯರು ಕಂಡ ದುರಂತವೇ ಬೇಕೆಂದರೆ ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾ ದ್ವೀಪದ ಟೋಬಾ ಜ್ವಾಲಾಮುಖಿ ಸಿಡಿದದ್ದಿದೆ. ಅದರ ಬೂದಿ ನಮ್ಮ ದಕ್ಷಿಣಕ್ಕೆ, ತುಂಗಭದ್ರೆಯಾಚೆಯ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಇಂದಿಗೂ ದಪ್ಪ ಪದರವಾಗಿ ಬಿದ್ದಿದೆ. 2007ರಲ್ಲಿ ಪ್ರಕಟವಾದ ಅಲ್ಲಿನ ಉತ್ಖನನದ ಫಲಿತಾಂಶವು ಆ ಪದರದ ಕೆಳಗೂ ಮೇಲೂ ಕಲ್ಲಿನ ಉಪಕರಣಗಳಿರುವುದನ್ನೂ ಅವು ಹೆಚ್ಚುಕಡಿಮೆ ಒಂದೇ ಬಗೆಯವೆಂಬುದನ್ನೂ ತೋರಿಸಿತು. ಆಕಾಶದಿಂದ ಬೂದಿ ಸುರಿದ ಮೇಲೂ ಅಲ್ಲಿ ಕಲ್ಲು ಕೆತ್ತುವ ಕೈಗಳಿದ್ದವು.

ಹನ್ನೆರಡು ಸಾವಿರ ವರ್ಷಗಳ ಲೆಕ್ಕ ಎಲ್ಲಿಂದ ಬಂತೆಂದರೆ, ಸಮುದ್ರದಲ್ಲಿ ಮುಳುಗಿತೆನ್ನುವ ಅಟ್ಲಾಂಟಿಸ್ ಎಂಬ ದ್ವೀಪವು, ಈಗ್ಗೆ ಸುಮಾರು 2,600 ವರ್ಷಗಳ ಹಿಂದಿನ ಅಥೆನ್ಸಿನ ಮುತ್ಸದ್ದಿ ಸೊಲೊನ್‌ನ ಕಾಲಕ್ಕೂ 9,000 ವರ್ಷ ಮೊದಲು ಇತ್ತೆಂದು ಗ್ರೀಕ್ ತತ್ತ್ವಜ್ಞಾನಿ ಪ್ಲೇಟೊ ಹೇಳಿದ. 1882ರಲ್ಲಿ ಅಮೆರಿಕದ ಇಗ್ನೇಷಿಯಸ್ ಡೊನೆಲಿ ಅದನ್ನೇ ಜಗತ್ತಿನ ಎಲ್ಲ ನಾಗರಿಕತೆಗಳ ತವರೆಂದು ಸಾರಿದ. ಈಗಿನವರು ಅದಕ್ಕೆ ಹಿಮಯುಗದ ಅಂತ್ಯವನ್ನು ಗಂಟು ಹಾಕಿದ್ದಾರೆ. ಸುಮಾರು 12,900 ವರ್ಷಗಳ ಹಿಂದೆ ಹವೆ ದಿಢೀರನೆ ತಣ್ಣಗಾದದ್ದು ನಿಜ, ಅದಕ್ಕೆ ಧೂಮಕೇತು ಕಾರಣವೇ ಎಂಬ ಬಗ್ಗೆ 2007ರಿಂದ ವಿಜ್ಞಾನಿಗಳಲ್ಲೇ ಜಗಳವಿರುವುದೂ ನಿಜ. ಹಿಮ ಕರಗಿ ಸಮುದ್ರ ಸುಮಾರು 120 ಮೀಟರ್ ಏರಿದ್ದೂ ನಿಜ, ಆದರೆ ಆ ಏರಿಕೆಗೆ ಸಾವಿರಾರು ವರ್ಷ ಹಿಡಿಯಿತು. ಇಷ್ಟು ನಿಜಗಳನ್ನು ಸಾಲಾಗಿ ನಿಲ್ಲಿಸಿ, ನಡುವೆ ಒಂದು ನಾಗರಿಕತೆಯನ್ನು ಸಾಕ್ಷಿಯಿಲ್ಲದೆ ಕೂರಿಸುವುದೇ ಈ ವಿಡಿಯೊಗಳ ಕಸುಬು. (ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ಕಲಬುರಗಿಯನ್ನು ಮುಳುಗಿಸಲು ಅವರಿಗೆ ಆಗಲಿಲ್ಲ. ಆದ್ದರಿಂದಲೇ ನಮ್ಮ ಪಾಲಿಗೆ ಬಾಂಬು ಬಂದಿರಬೇಕು.)

ಇನ್ನು ಬೂದಿಯ ಮಾತು. ಬಳ್ಳಾರಿ ಬಳಿಯ ಕುಡತಿನಿಯ ದಿಬ್ಬವನ್ನು ಭೀಮ ಕೊಂದ ಹಿಡಿಂಬನ ಬೂದಿಯೆಂದೂ, ಹಂಪಿಯ ಬಳಿಯ ನಿಂಬಾಪುರದ್ದನ್ನು ವಾಲಿಯ ಚಿತೆಯೆಂದೂ ಜನ ಹೇಳುತ್ತ ಬಂದರು. ಆ ಕಥೆಗಳ ಮೇಲೆ ನನಗೆ ಗೌರವವಿದೆ, ಏಕೆಂದರೆ ಅವು ವಿಜ್ಞಾನದ ವೇಷ ಹಾಕಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವು ದನದ ದೊಡ್ಡಿಗಳಲ್ಲಿ ಸಗಣಿ ಸುಟ್ಟುಳಿದ ಬೂದಿಯೆಂದಾಗ ಎಲ್ಲರೂ ಒಪ್ಪಲಿಲ್ಲ, ಲೋಹ ಕರಗಿಸಿದ ಕಿಟ್ಟವೆಂದವರೂ ಇದ್ದರು. 1957ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಆಲ್ಚಿನ್ ಅವರು ತೆಲಂಗಾಣದ ಮಹಬೂಬ್‌ನಗರ ಸೀಮೆಯ ಉಟ್ನೂರಿನ ದಿಬ್ಬವನ್ನು ಅಗೆದಾಗ ಪದರಗಳ ನಡುವೆ ದೊಡ್ಡಿಯ ಬೇಲಿಗೂಟಗಳ ಕುಳಿಗಳು ಸಾಲಾಗಿ ಸಿಕ್ಕವು, ದನಗಳ ಗೊರಸಿನ ಗುರುತುಗಳೂ ಸಿಕ್ಕವು. ಬಾಂಬು ಬಿದ್ದ ಜಾಗಕ್ಕೆ ದನಗಳು ಮತ್ತೆ ಮತ್ತೆ ಬಂದು ಮಲಗುವುದಿಲ್ಲ. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ನಮ್ಮ ಬೂದಿಹಾಳದಲ್ಲೇ ಉತ್ಖನನ ನಡೆಸಿ, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ದಿಬ್ಬದ ಪಕ್ಕದಲ್ಲೇ ಮನೆಗಳ ನೆಲೆ, ಕಲ್ಲಿನ ಅಲಗು ಮಾಡುತ್ತಿದ್ದ ಜಾಗ, ದನ ಕೊಯ್ಯುತ್ತಿದ್ದ ನೆಲ ಇವುಗಳನ್ನು ಹೊರತೆಗೆದರು. ಸುಟ್ಟದ್ದು ಹಬ್ಬದ ಆಚರಣೆಗೋ ದೊಡ್ಡಿ ಹಸನು ಮಾಡುವುದಕ್ಕೋ ಎಂಬ ಚರ್ಚೆ ಉಳಿದಿದೆ, ಅದು ಉಳಿಯಲಿ.

ಸಗಣಿ ಕರಗುತ್ತದೆಯೇ ಎಂದರೆ, ಕರಗುವುದು ಅದರೊಳಗಿನ ಹುಲ್ಲಿನ ಸಿಲಿಕಾ. ಗಾಜಿಗೂ ಅದೇ ಮೂಲದ್ರವ್ಯ. ಬೂದಿಯಲ್ಲಿರುವ ಪೊಟ್ಯಾಷ್‌ನಂಥ ಕ್ಷಾರಗಳು ಅದು ಕರಗುವ ಉಷ್ಣತೆಯನ್ನು ಬಹಳ ಇಳಿಸುತ್ತವೆ. ಒಲೆಗೆ ಹಾಕಿದ ನಾಲ್ಕು ಕುಳ್ಳಿನಲ್ಲಿ ಇದು ಕಾಣುವುದಿಲ್ಲ, ಆದರೆ ವರ್ಷಗಟ್ಟಲೆ ಒಟ್ಟಿದ ರಾಶಿಗೆ ಕಿಚ್ಚಿಟ್ಟು ಶಾಖ ಒಳಗೇ ಮುಚ್ಚಿಕೊಂಡು ದಿನಗಟ್ಟಲೆ ಉರಿದರೆ ಕಾಣುತ್ತದೆ.

ನನ್ನ ತಕರಾರಿನ ತಿರುಳು ಇಲ್ಲಿದೆ. ಬಡ ದನಗಾಹಿಗಳ ತಿಪ್ಪೆ ನಾಲ್ಕು ಸಾವಿರ ವರ್ಷ ಉಳಿದಿದೆ. ಹುಣಸಗಿಯ ಬಳಿಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜಿಸಲಾದ ಕಲ್ಲುಗಣಿಯಿದ್ದು, ಆದಿಮಾನವರು ಸುಣ್ಣಕಲ್ಲು ಒಡೆದು ಕೊಡಲಿ ಮಾಡುವಾಗ ಉದುರಿದ ಚಕ್ಕೆಗಳು ಸಾವಿರಾರು ಸಂಖ್ಯೆಯಲ್ಲಿ ಅಲ್ಲಿಯೇ ಬಿದ್ದಿವೆ. ಹೀಗಿರುವಾಗ, ಜಗತ್ತನ್ನೇ ಆಳಿತೆನ್ನುವ ನಾಗರಿಕತೆಯ ತಿಪ್ಪೆ ಎಲ್ಲಿ? ಒಡೆದ ಒಂದು ಗಡಿಗೆ, ಲೋಹದ ಕಿಟ್ಟ, ತಿಂದು ಎಸೆದ ಸಾಕುಪ್ರಾಣಿಯ ಎಲುಬು ಯಾವುದೂ ಇಲ್ಲವೇಕೆ? ಇವರು ಸದಾ ತೋರಿಸುವ ತುರ್ಕಿಯ ಗ್ಯೋಬೆಕ್ಲಿ ತೆಪೆಯ ಭಾರೀ ಕಂಬಗಳು ಹನ್ನೊಂದು ಸಾವಿರ ವರ್ಷಕ್ಕೂ ಹಳೆಯವು, ಒಪ್ಪಿದೆ. ಆದರೆ ಅವುಗಳ ನಡುವೆ ಸಿಕ್ಕ ಎಲುಬುಗಳು ಕಾಡು ಜಿಂಕೆ, ಕಾಡು ಎತ್ತುಗಳವು, ಅಂದರೆ ಬೇಟೆಗಾರರ ಊಟದ ಎಂಜಲು. ಇನ್ನು 2001ರಲ್ಲಿ ಗುಜರಾತಿನ ಖಂಭಾತ್ ಕೊಲ್ಲಿಯ ತಳದಲ್ಲಿ ನಗರ ಸಿಕ್ಕಿತೆಂದು ಸುದ್ದಿಯಾಯಿತು. ಅದು ಅಷ್ಟು ಹಳೆಯದೆನ್ನುವುದಕ್ಕೆ ಮುಂದೆ ಮುಖ್ಯ ಆಧಾರವಾದದ್ದು ಸುಮಾರು ಒಂಬತ್ತೂವರೆ ಸಾವಿರ ವರ್ಷ ಹಳೆಯ ಕಟ್ಟಿಗೆಯ ತುಂಡು. ಅದನ್ನು ತಳದಿಂದ ಬಾಚಿ ತೆಗೆದದ್ದು, ಪದರ ನೋಡಿ ಅಗೆದದ್ದಲ್ಲ. ಅಷ್ಟು ಬಿರುಸಿನ ಭರತ–ಇಳಿತವಿರುವ ಕೊಲ್ಲಿಯಲ್ಲಿ ಕಟ್ಟಿಗೆ ಎಲ್ಲಿಂದಲಾದರೂ ತೇಲಿ ಬಂದಿರಬಹುದು.

ಶಹಾಪುರದ ಬುದ್ಧ ಮಲಗಿದ ಬೆಟ್ಟವನ್ನು ಕಂಡು ನಾನೂ ಪ್ರತಿಸಲ ಬಸ್ಸಿನ ಕಿಟಕಿಗೆ ವಾಲುತ್ತೇನೆ. ಅದನ್ನು ಯಾರೋ ಕೆತ್ತಿದರೆಂದು ನಮ್ಮಲ್ಲಿ ಯಾರೂ ಜಗಳ ತೆಗೆಯುವುದಿಲ್ಲ. ಕಣ್ಣಿಗೆ ಹಾಗೆ ಕಾಣುತ್ತದೆ, ಅಷ್ಟೇ.

ಇದನ್ನು ಅರ್ಧ ಬರೆದಿಟ್ಟಿದ್ದಾಗಲೇ ಹುಡುಗ ಗೆಳೆಯನ ಬೈಕಿನಲ್ಲಿ ಬೂದಿಹಾಳಕ್ಕೆ ಹೋಗಿ, ಅಂಗೈ ಮೇಲೆ ಬೂದುಬಣ್ಣದ ಗಟ್ಟಿಯೊಂದನ್ನು ಇಟ್ಟುಕೊಂಡು ಫೋಟೊ ಕಳಿಸಿದ. “ಮಾಮಾ, ಖರೇನೇ ಗಾಜಿನಂಗ ಅದರಿ. ನಿಮಗ ತೋರ್ಸಾಕ ತರ್ಲೇನ್ರಿ?” ಬೇಡವೆಂದೆ, ಎತ್ತಿದ ಜಾಗದಲ್ಲೇ, ಎತ್ತಿದ ಮಗ್ಗುಲಿಗೇ ಇಟ್ಟು ಬಾ ಎಂದು ಹೇಳಿದೆ.