ನಾಲ್ಕನೇ ತರಗತಿಯ ಇಟ್ಟಿಗೆಗೂಡು

ಬೆಂಗಳೂರಿನ ಖಾಸಗಿ ಶಾಲೆಗಳು ಕೈಕೆಲಸದ ಮಹತ್ವವನ್ನು ಮನಗಂಡಿರುವುದು ಸಂತೋಷದ ವಿಷಯ. ಆ ಕೈ ಯಾರದ್ದಾಗಿರಬೇಕು ಎಂಬುದೊಂದೇ ಇನ್ನೂ ಇತ್ಯರ್ಥವಾಗಬೇಕಾಗಿದೆ. ನಾಲ್ಕನೇ ತರಗತಿಯ ಪರಿಸರ ಅಧ್ಯಯನದಲ್ಲಿ ಮನೆ ಕಟ್ಟುವ ಸಾಮಗ್ರಿಗಳ ಪಾಠ ಶುರುವಾಯಿತೆಂದರೆ, ಶುಕ್ರವಾರ ರಾತ್ರಿ ಊಟದ ಹೊತ್ತಿಗೆ ಪಾಲಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಪ್ಪಣೆಯೊಂದು ಇಳಿಯುತ್ತದೆ: ವಿದ್ಯಾರ್ಥಿಗಳು ಮನೆಯಲ್ಲಿ ಸ್ವತಃ ತಯಾರಿಸಿದ ಒಂದು ಇಟ್ಟಿಗೆಯನ್ನು ಸೋಮವಾರ ತಪ್ಪದೇ ತರತಕ್ಕದ್ದು, ನೋಡಲು ಅಂದವಾಗಿರಬೇಕು.

ಮಾಲೂರಿನ ಕಡೆಯ ಗೂಡುಗಳಲ್ಲಿ ತಲೆಮಾರುಗಳಿಂದ ಇಟ್ಟಿಗೆ ಸುಡುತ್ತ ಬಂದವರು ಈ ಸಂದೇಶವನ್ನು ಓದಿದರೆ ತಮ್ಮ ಕಸುಬಿನ ಬಗ್ಗೆ ನಾಚಿಕೊಂಡಾರು. ಮಣ್ಣು ಅಗೆದು, ನೆನೆಹಾಕಿ, ತುಳಿದು ಹದಮಾಡಿ, ಅಚ್ಚಿಗೆ ಹೊಡೆದು, ವಾರಕ್ಕೂ ಹೆಚ್ಚು ಕಾಲ ಒಣಗಿಸಿ, ಆಮೇಲೆ ಗೂಡು ಜೋಡಿಸಿ 900ರಿಂದ 1,000 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಬೆಂಕಿಯಲ್ಲಿ ದಿನಗಟ್ಟಲೆ ಬೇಯಿಸುವ ಕೆಲಸವನ್ನು ಶಾಲೆಯು ಒಂದು ಶನಿವಾರ ಮತ್ತು ಒಂದು ಭಾನುವಾರಕ್ಕೆ ಇಳಿಸಿಬಿಟ್ಟಿದೆ.

ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ಮೊದಲು ಎದುರಾಗುವುದು ಮಣ್ಣಿನ ಅಭಾವ. ಕೆಳಗಿನ ಉದ್ಯಾನದ ಮಣ್ಣು ನಿವಾಸಿಗಳ ಸಂಘದ ಸೊತ್ತಾದ್ದರಿಂದ ಅದನ್ನು ಮುಟ್ಟುವಂತಿಲ್ಲ. ಹೀಗಾಗಿ ಗಣೇಶ ಚತುರ್ಥಿಗೆಂದು ತರಿಸಿ ಉಳಿದಿದ್ದ ಜೇಡಿಮಣ್ಣಿನ ಪೊಟ್ಟಣ ಅಟ್ಟದಿಂದ ಇಳಿಯುತ್ತದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವ ತಂದೆ ರಾತ್ರಿಯೆಲ್ಲ ವಿಡಿಯೊ ನೋಡಿ, ಭಾರತೀಯ ಮಾನಕ ಬ್ಯೂರೊ ಹೇಳಿದ 190, 90, 90 ಮಿಲಿಮೀಟರಿನ ಅಳತೆಗೆ ಸಿಹಿತಿಂಡಿಯ ಡಬ್ಬವೊಂದನ್ನು ಕತ್ತರಿಸಿ ಅಚ್ಚು ಮಾಡುತ್ತಾನೆ. ಬಿರುಕು ಬಿಡದಂತೆ ಮಣ್ಣಿಗೆ ಭತ್ತದ ಹೊಟ್ಟು ಸೇರಿಸಬೇಕೆಂದು ವಿಡಿಯೊದವರು ಹೇಳಿರುತ್ತಾರೆ; ಮನೆಯಲ್ಲಿ ಹೊಟ್ಟಿಗೆ ಹತ್ತಿರದ್ದೆಂದರೆ ಆತನೇ ಬೆಳಿಗ್ಗೆ ತಿನ್ನುವ ಓಟ್ಸ್, ಅದೇ ಬೀಳುತ್ತದೆ. ತಲೆಗೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಾಯಿಸಿ, ಅದು ಸಾಲದೆಂದು 250 ಡಿಗ್ರಿಗೆ ನಿಂತುಹೋಗುವ ಕೇಕಿನ ಓವನ್ನಿನಲ್ಲಿಟ್ಟು, ಮಧ್ಯರಾತ್ರಿ ಹೊರತೆಗೆದರೆ ನಟ್ಟನಡುವೆ ಬಿರುಕು ಬಿಟ್ಟಿರುತ್ತದೆ. ಬಿರುಕಿಗೆ ಫೆವಿಕಾಲ್ ಮೆತ್ತಿ, ಮೇಲೆ ಕೆಂಪು ಬಣ್ಣ ಬಳಿದರೆ ಇಟ್ಟಿಗೆ ಸಿದ್ಧ. ಅಷ್ಟು ಹೊತ್ತೂ ಮಗು ಒಳಕೋಣೆಯಲ್ಲಿ ಕಾರ್ಟೂನ್ ನೋಡುತ್ತಿರುತ್ತದೆ, ಏಕೆಂದರೆ ಅದು ಹತ್ತಿರ ಬಂದು ಕೈಹಾಕಿದರೆ ಪ್ರಾಜೆಕ್ಟ್ ಕೆಡುತ್ತದೆಂದು ತಾಯಿ ಗದರಿಸಿ ಕಳುಹಿಸಿರುತ್ತಾಳೆ.

ಮಕ್ಕಳು ಚಟುವಟಿಕೆ, ಶೋಧನೆ ಮತ್ತು ಅನ್ವೇಷಣೆಗಳ ಮೂಲಕ ಕಲಿಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಪ್ರಕರಣ ಹೇಳುತ್ತದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಇಟ್ಟಿಗೆಗೂಡಿನಲ್ಲಿ ದುಡಿಸುವಂತಿಲ್ಲವೆಂದು ಬಾಲಕಾರ್ಮಿಕ ಕಾನೂನು ಹೇಳುತ್ತದೆ. ಎರಡನ್ನೂ ಒಂದೇ ಏಟಿಗೆ ಪಾಲಿಸುವ ದಾರಿ ಯಾವ ಸಮಿತಿಗೂ ಹೊಳೆದಿರಲಿಲ್ಲ. ಚಟುವಟಿಕೆಯನ್ನು ಅಪ್ಪನಿಗೂ ಅಂಕವನ್ನು ಮಗುವಿಗೂ ಹಂಚಿದ ನಮ್ಮ ಶಾಲೆಗಳಿಗೆ ಮಾತ್ರ ಹೊಳೆಯಿತು. ನಿಜವಾದ ಗೂಡುಗಳಲ್ಲಿ ಹಸಿ ಇಟ್ಟಿಗೆ ತಿರುವಿಹಾಕುತ್ತ ಬೆಳೆಯುವ ವಲಸೆ ಕಾರ್ಮಿಕರ ಮಕ್ಕಳಿಗೆ ಈ ಪಾಠದಲ್ಲಿ ನೂರಕ್ಕೆ ನೂರು ಬರಬೇಕಿತ್ತು. ಆದರೆ ಅವರು ಯಾವ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇಲ್ಲ.

ಸೋಮವಾರ ಬೆಳಿಗ್ಗೆ ಮತ್ತೊಂದು ಧರ್ಮಸಂಕಟ. ಮೂರರಿಂದ ಐದನೇ ತರಗತಿಯ ಮಕ್ಕಳ ಶಾಲಾಚೀಲ ಎರಡರಿಂದ ಮೂರು ಕಿಲೊ ಮೀರಬಾರದೆಂದು 2019ರಲ್ಲಿ ರಾಜ್ಯ ಸರ್ಕಾರ ಆದೇಶಿಸಿದೆ, ಮತ್ತು ಅಳತೆಗೆ ಸರಿಯಾದ ಒಂದು ಇಟ್ಟಿಗೆಯೇ ಹೆಚ್ಚೂಕಡಿಮೆ ಮೂರು ಕಿಲೊ ತೂಗುತ್ತದೆ. ಆದ್ದರಿಂದ ಪುಸ್ತಕಗಳನ್ನು ಮನೆಯಲ್ಲಿ ಬಿಟ್ಟು ಇಟ್ಟಿಗೆಯೊಂದನ್ನೇ ಕಳುಹಿಸಿದ ತಂದೆತಾಯಿಯರನ್ನು ಕಾನೂನಿಗೆ ತಲೆಬಾಗುವ ನಾಗರಿಕರೆಂದೇ ಗೌರವಿಸಬೇಕು.

ಇನ್ನು ಮೌಲ್ಯಮಾಪನ. ಒಳ್ಳೆಯ ಇಟ್ಟಿಗೆಯನ್ನು ಪರೀಕ್ಷಿಸುವ ಕ್ರಮ ಯಾವ ಗಾರೆ ಮೇಸ್ತ್ರಿಗೂ ಗೊತ್ತು: ಉಗುರಿನಿಂದ ಗೀರಿದರೆ ಗೆರೆ ಬೀಳಬಾರದು, ಎರಡನ್ನು ಒಂದಕ್ಕೊಂದು ತಟ್ಟಿದರೆ ಠಣ್ಣೆನ್ನಬೇಕು, ಮೀಟರಿನಷ್ಟು ಎತ್ತರದಿಂದ ಬಿಟ್ಟರೆ ಒಡೆಯಬಾರದು. ಇಪ್ಪತ್ನಾಲ್ಕು ಗಂಟೆ ನೀರಿನಲ್ಲಿಟ್ಟರೂ ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇ 20ಕ್ಕಿಂತ ಹೆಚ್ಚು ನೀರು ಹೀರಬಾರದು. ಇವುಗಳಲ್ಲಿ ಒಂದನ್ನು ಮಕ್ಕಳ ಎದುರು ಮಾಡಿದ್ದರೂ ಸಾಕಿತ್ತು, ತರಗತಿಯ ಅರ್ಧದಷ್ಟು ಪ್ರಾಜೆಕ್ಟುಗಳು ಬಕೆಟ್ಟಿನಲ್ಲಿ ಕರಗಿ ಗಣೇಶನ ಹಿಂದೆ ಹೋಗುತ್ತಿದ್ದವು ಮತ್ತು ಮಣ್ಣನ್ನು ಏಕೆ ಸುಡುತ್ತಾರೆಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಆದರೆ ಅಂಕಪಟ್ಟಿಯಲ್ಲಿದ್ದದ್ದು ಅಂದ, ಅಲಂಕಾರ ಮತ್ತು ಪ್ರಸ್ತುತಿ. ಮೊದಲ ಬಹುಮಾನ ಪಡೆದದ್ದು ಸ್ಟೇಷನರಿ ಅಂಗಡಿಯವನು ಮಾಡಿಕೊಟ್ಟ ಥರ್ಮೋಕೋಲ್ ಇಟ್ಟಿಗೆ. ಅದರ ಅಂಚುಗಳು ನೇರವಾಗಿದ್ದವು, ನಾಲ್ಕು ಬದಿಗೂ ಮಿನುಗುವ ಪುಡಿ ಅಂಟಿಸಿತ್ತು, ‘ಮಣ್ಣು ನಮ್ಮ ಸಂಪತ್ತು’ ಎಂಬ ಬರಹವೂ ಇತ್ತು. ಒಬ್ಬ ಹುಡುಗ ಮಾತ್ರ ತಾನೇ ಕಲಸಿ ತಟ್ಟಿದ್ದ ಸೊಟ್ಟ ಮುದ್ದೆಯೊಂದನ್ನು ತಂದಿದ್ದ, ಅದರ ಮೇಲೆ ಅವನ ಐದು ಬೆರಳುಗಳ ಗುರುತು ಹಾಗೆಯೇ ಮೂಡಿತ್ತು. ಪಾಲಕರು ಆಸಕ್ತಿ ವಹಿಸಬೇಕೆಂದು ಅವನ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಳುಹಿಸಲಾಯಿತು.

ಶಾಲೆಯ ಪಕ್ಕದಲ್ಲೇ ಹೊಸ ವಿಭಾಗದ ಕಟ್ಟಡ ಏಳುತ್ತಿದೆ, ಗೇಟಿನ ಬಳಿ ಲಾರಿಗಟ್ಟಲೆ ಇಟ್ಟಿಗೆ ಸುರಿದಿದೆ, ಕೇಳಿದರೆ ವಿವರಿಸಿ ಹೇಳಬಲ್ಲ ಮೇಸ್ತ್ರಿಯೂ ಅಲ್ಲೇ ಇದ್ದಾನೆ. ಧೂಳು ಆಗುತ್ತದೆಂಬ ಕಾರಣಕ್ಕೆ ಆ ಬದಿಯ ಕಿಟಕಿಗಳನ್ನು ಮುಚ್ಚಿಸಲಾಗಿದೆ.

ಮುಂದಿನ ಪಾಠ ನೀರಿನ ಮೂಲಗಳು. ಸಂದೇಶ ಇನ್ನೂ ಬಂದಿಲ್ಲ. ಆದರೆ ಮುಂದಾಲೋಚನೆಯುಳ್ಳ ತಂದೆಯೊಬ್ಬರು ಬೋರ್‌ವೆಲ್ ಲಾರಿಯವರಲ್ಲಿ ಶನಿವಾರದ ದರವನ್ನು ಈಗಾಗಲೇ ವಿಚಾರಿಸಿದ್ದಾರಂತೆ.